ಸಾಬಣ್ಣ ಮಾಮನ ಬಲಗಾಲು

ಯಾದಗಿರಿಯಲ್ಲಿ ರೈಲಿಳಿದು, ಶಹಾಪುರದ ಮನೆ ಸೇರಿ, ಮುಖ ತೊಳೆಯಲೆಂದು ಚೀಲದಿಂದ ಟವೆಲ್ ಎಳೆದರೆ ಅದರ ಬೆನ್ನಿಗೇ ಬಂದೂಕೂ ಹೊರಗೆ ಬಿತ್ತು. ಗಾಬರಿಯಾಗಬೇಡಿ, ಗುಂಡು ಹಾರಿಸುವ ಬಂದೂಕಲ್ಲ. ಹಿಡಿಕೆ, ಕುದುರೆ ಎಲ್ಲ ಹಾಗೇ ಇದ್ದರೂ ಇದರ ಬಾಯಿಂದ ಬರುವುದು ಒಂದು ಕೆಂಪು ಚುಕ್ಕಿ ಮಾತ್ರ. ಆ ಚುಕ್ಕಿ ಬಿದ್ದ ಜಾಗ ಎಷ್ಟು ಬಿಸಿಯಾಗಿದೆ ಎಂದು ಹಿಂದಿನ ಪುಟ್ಟ ಪರದೆ ತೋರಿಸುತ್ತದೆ. ಓಟದ ಕಾರುಗಳ ಟೈರಿಗೆ ಹಿಡಿದು ಹಿಡಿದು ಅದರ ಮೈಯೆಲ್ಲ ಕರಿ ಮೆತ್ತಿಕೊಂಡಿದೆ. ಮೂಸಿದರೆ ಕಾದ ರಬ್ಬರಿನ ವಾಸನೆ. ಬೇರೆಯವರು ಮೂಗು ಮುಚ್ಚಿಕೊಳ್ಳುವ ಈ ವಾಸನೆಯೇ ಇಷ್ಟು ವರ್ಷ ನನಗೆ ಅನ್ನ ಹಾಕಿದೆ, ಹಾಗಾಗಿ ದೂರುವಂತಿಲ್ಲ.

ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: "ತಂದೀಯೇನು ಅದನ್ನ?"

"ಏನನ್ನ?"

"ಅದೇ, ನಿನ್ನ ಬಂದೂಕ. ಸುರಪುರದಿಂದ ನಿಮ್ಮ ಮಾಮ ಫೋನ್ ಮಾಡಿದ್ದ. ಆಕಿ ಬಂದ್ಲಂದ್ರ ಬಂದೂಕ ತಗೊಂಡು ಬರ್ಲಿಕ್ಕ ಹೇಳು ಅಂದಾನ. ನಾನೂ ನಂಬಲಿಲ್ಲ, ಮತ್ತೊಮ್ಮಿ ಕೇಳೀನಿ. ಅದೇ ಅಂದಾನ."

ನಾನು ಟವೆಲ್ ಹಿಡಿದುಕೊಂಡು ಹಾಗೇ ನಿಂತೆ. ಸಾಬಣ್ಣ ಮಾಮ, ಅಂದರೆ ಅವ್ವನ ಒಡಹುಟ್ಟಿದ ತಮ್ಮ, ತನ್ನ ಬಲಗಾಲು ಹೋಗಿದ್ದೇ ಈ ಬಂದೂಕಿನ ದೃಷ್ಟಿ ತಾಗಿ ಎಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗಿದವನು. ಕಾಲು ಹೋದ ಮೇಲೆ ತಿರುಗಿದ್ದೆಲ್ಲಿ ಬಂತು, ಮಂಚದ ಮೇಲೆ ಕೂತೇ ಫೋನಿನಲ್ಲಿ ಹೇಳಿದ. ಎರಡು ವರ್ಷದಿಂದ ನನ್ನ ಮುಖ ನೋಡಲು ಒಲ್ಲೆ ಅಂದಿದ್ದಾನೆ. ಅಂಥವನು ನನ್ನನ್ನು ಕರೆದ, ಅದೂ ಬಂದೂಕಿನ ಸಮೇತ.

ಈಗ ಸುರಪುರದ ಬಸ್ಸಿನಲ್ಲಿ ಕೂತಿದ್ದೇನೆ. ಬಂದೂಕು ತೊಡೆಯ ಮೇಲಿನ ಚೀಲದಲ್ಲಿದೆ. ಕಿಟಕಿಯಾಚೆ ಊರಿನ ಗುಡ್ಡದ ಬಂಡೆಗಳಲ್ಲಿ ಮೂಡಿದ ಬುದ್ಧ ಎಂದಿನಂತೆ ಅಂಗಾತ ಮಲಗಿದ್ದಾನೆ. ಡ್ರೈವರ್ ಚಹಾ ಕುಡಿಯಲು ಹೋದವನು ಇನ್ನೂ ಬಂದಿಲ್ಲ. ನಿಮಗೆ ಈ ಕತೆ ಹೇಳಲು ಪುರಸೊತ್ತಿದೆ ಅಂದಂತಾಯಿತು.

ಮೊದಲು ನನ್ನ ಕೆಲಸದ ಮಾತು ಮುಗಿಸಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಯಾರಿಗೂ ಅದು ಸರಿಯಾಗಿ ಗೊತ್ತಿಲ್ಲ. ತಮಿಳುನಾಡಿನ ಒಂದು ಕಂಪನಿಯಲ್ಲಿ ಓಟದ ಕಾರುಗಳ ಟೈರು ನೋಡಿಕೊಳ್ಳುವ ಎಂಜಿನಿಯರು ನಾನು. ಮುದನಾಳದ ನಮ್ಮ ದೊಡ್ಡಪ್ಪ ಇದನ್ನು ಕೇಳಿ, "ಇಷ್ಟೆಲ್ಲಾ ಓದಿ ಕಡೀಕ ಪಂಚರ್ ಹಾಕೂ ಕೆಲ್ಸೇನವ್ವಾ" ಎಂದು ಮರುಗಿದ್ದ. ಓಟದ ಟೈರಿನ ಫೋಟೊ ತೋರಿಸಿದೆ. ಅದರ ಮೈ ನುಣ್ಣಗೆ ಇರುತ್ತದೆ, ಒಂದು ಗೆರೆಯೂ ಇಲ್ಲ. "ಬೋಳು ಟೈರಲ್ಲೇನಿದು? ನಮ್ಮ ಟ್ರ್ಯಾಕ್ಟರಿನವ ಸೈತ ಇಂಥದ್ದು ಬಿಸಾಕ್ತಾನ" ಅಂದ. ಗೆರೆಗಳು ಮಳೆನೀರನ್ನು ಹೊರಗೆ ತಳ್ಳಲಿಕ್ಕೆ, ಒಣ ರಸ್ತೆಯಲ್ಲಿ ಬೋಳಾಗಿದ್ದಷ್ಟೂ ರಬ್ಬರು ನೆಲಕ್ಕೆ ಹೆಚ್ಚು ತಾಗುತ್ತದೆ ಎಂದು ವಿವರಿಸಿದೆ. ಓಟಕ್ಕೆ ಮುಂಚೆ ಟೈರು ತಣ್ಣಗಿರಬಾರದು, ಅದಕ್ಕೆ ಕರೆಂಟಿನ ಕೌದಿ ಹೊದಿಸಿ ಮಲಗಿಸುತ್ತೇವೆ ಎಂದೆ. ದೊಡ್ಡಪ್ಪ ಎದ್ದು ಹೋಗಿಬಿಟ್ಟ.

ಕೌದಿಯ ಮಾತು ಸುಳ್ಳಲ್ಲ. ರಬ್ಬರು ತಣ್ಣಗಿದ್ದರೆ ಬಿರುಸು, ನೆಲ ಹಿಡಿಯುವುದಿಲ್ಲ. ಹದಕ್ಕೆ ಕಾದರೆ ಮೆತ್ತಗಾಗಿ ರಸ್ತೆಯ ಸಣ್ಣ ಸಣ್ಣ ಕುಳಿಗಳೊಳಗೆ ಇಳಿದು ಅಪ್ಪಿಕೊಳ್ಳುತ್ತದೆ. ಹದ ಮೀರಿತೋ, ಜಿಡ್ಡಾಗಿ ಜಾರುತ್ತದೆ. ಕಾರು ಓಟದ ದಾರಿಯಿಂದ ಒಳಗೆ ಬಂದ ಕೂಡಲೇ ನಾವು ಓಡಿಹೋಗಿ ಟೈರಿನ ಒಳ ಅಂಚು, ನಡು, ಹೊರ ಅಂಚುಗಳ ಬಿಸಿ ನೋಡುತ್ತೇವೆ. ನಡು ಹೆಚ್ಚು ಕಾದಿದ್ದರೆ ಗಾಳಿ ಹೆಚ್ಚಾಗಿದೆ ಅಂತ. ಒಂದೇ ಅಂಚು ಕಾದಿದ್ದರೆ ಚಕ್ರ ವಾಲಿ ನಿಂತು ಭಾರವೆಲ್ಲ ಅಲ್ಲಿ ಬೀಳುತ್ತಿದೆ ಅಂತ. ಭಾರ ಎಲ್ಲಿ ಬೀಳುತ್ತದೋ ಅಲ್ಲಿ ಬಿಸಿ, ಬಿಸಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಗಾಯ. ಈ ಒಂದು ಮಾತು ನೆನಪಿಟ್ಟುಕೊಂಡರೆ ನನ್ನ ಅರ್ಧ ವಿದ್ಯೆ ನಿಮಗೆ ಬಂದ ಹಾಗೆ.

ಉಳಿದರ್ಧ ವಿದ್ಯೆ ನನಗೆ ಬಂದದ್ದು ಒಂದು ಕೆಟ್ಟ ಮಧ್ಯಾಹ್ನ. ಒಳ್ಳೆಯ ಟೈರು ಕೈಬಿಡುವ ಮುಂಚೆ ಹೇಳುತ್ತದೆ. ಚೀರುತ್ತದೆ, ತುಸು ಜಾರುತ್ತದೆ, ಓಡಿಸುವವನ ಕುಂಡಿಯ ಕೆಳಗೆ ಒಂದು ನಡುಕ ಕಳಿಸುತ್ತದೆ. ಕೂಸು ಅತ್ತರೆ ತಾನೇ ತಾಯಿ ಹಾಲು ಕೊಡುವುದು. ಆ ಮಧ್ಯಾಹ್ನ ನಮ್ಮ ಡ್ರೈವರ್ ರೇಡಿಯೊದಲ್ಲಿ, "ಟೈರು ಬಹಳ ಚೆನ್ನಾಗಿದೆ, ಇದೆಯೋ ಇಲ್ಲವೋ ಅಂತಲೇ ಗೊತ್ತಾಗ್ತಿಲ್ಲ" ಎಂದ. ಎಲ್ಲರೂ ಖುಷಿಪಟ್ಟರು. ಮುಂದಿನ ತಿರುವಿನಲ್ಲಿ ಟೈರಿನ ಒಂದು ತುಂಡು ಹಾರಿಹೋಗಿ ಕಾರು ಗೋಡೆಗೆ ಬಡಿಯಿತು. ಆತ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬದುಕಿದ. ಆಮೇಲೆ ಆ ಟೈರನ್ನು ಕೊಯ್ದು ನೋಡಿದೆವು. ಮೇಲ್ಮೈಯಲ್ಲಿ ಏನೂ ಇರಲಿಲ್ಲ. ಒಳಗೆ ರಬ್ಬರು ಕುದಿದು ಬೊಬ್ಬೆ ಎದ್ದಿತ್ತು. ಅಂದಿನಿಂದ ಯಾರಾದರೂ ಎಲ್ಲ ಆರಾಮಿದೆ, ಏನೂ ತೊಂದರೆಯಿಲ್ಲ ಎಂದರೆ ನಾನು ಕೆದಕಿ ಕೆದಕಿ ಕೇಳಲು ಶುರುಮಾಡುತ್ತೇನೆ. ಹೀಗಾಗಿ ಮದುವೆ ಮುಂಜಿಗಳಲ್ಲಿ ನನ್ನನ್ನು ಮಾತಾಡಿಸಲು ಜನ ಹಿಂದೆಮುಂದೆ ನೋಡುತ್ತಾರೆ.

ಬಸ್ಸು ಬಿಟ್ಟಿತು. ಇನ್ನು ಮಾಮನ ಕಾಲಿಗೆ ಬರೋಣ.

ಮಾಮ ಸುರಪುರದ ಸರ್ಕಾರಿ ಶಾಲೆಯಲ್ಲಿ ಜವಾನನಾಗಿದ್ದ. ಗಂಟೆ ಬಾರಿಸುವುದು, ನೀರು ತುಂಬುವುದು, ಮಾಸ್ತರರಿಗೆ ಚಹಾ ತರುವುದು. ಚಪ್ಪಲಿ ಹಾಕಿದ್ದನ್ನು ನಾನು ಕಂಡಿದ್ದು ಕಡಿಮೆ. ಅವನ ಹಿಮ್ಮಡಿ ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿರುತ್ತಿತ್ತು. ನಾವು ಚಿಕ್ಕವರು ಆ ಬಿರುಕುಗಳಲ್ಲಿ ಜೋಳದ ಕಾಳು ಇಟ್ಟು ಆಡುತ್ತಿದ್ದೆವು, ಅವನು ಪೇಪರ್ ಓದುತ್ತ ಕೂತಿರುತ್ತಿದ್ದ. ಪ್ರತಿ ವರ್ಷ ಯುಗಾದಿಗೆ ಮುಂಚೆ ಊರ ಮಂದಿಯ ಜೊತೆ ಪರ್ವತಕ್ಕೆ ನಡೆದು ಹೋಗುತ್ತಿದ್ದ. ನಮ್ಮ ಕಡೆ ಪರ್ವತವೆಂದರೆ ಶ್ರೀಶೈಲ. ರಾಯಚೂರು ದಾಟಿ, ತೆಲುಗು ಸೀಮೆ ದಾಟಿ, ಕಾಡು ಹೊಕ್ಕು ಮಲ್ಲಯ್ಯನ ಗುಡಿಯವರೆಗೂ ಬರಿಗಾಲಲ್ಲೇ. ದಾರಿಯ ಹಳ್ಳಿಗಳಲ್ಲಿ ಜನ ಬಿಸಿನೀರು ಕಾಸಿಟ್ಟುಕೊಂಡು ಕಾಯುತ್ತಾರೆ. ನಡೆದು ಬಂದವರ ಕಾಲು ತೊಳೆದು, ಎಣ್ಣೆ ತಿಕ್ಕಿ, ಊಟ ಹಾಕಿ ಕಳಿಸುತ್ತಾರೆ. ನಡೆಯುವವನಿಗೆ ಎಷ್ಟು ಪುಣ್ಯವೋ ಕಾಲು ತಿಕ್ಕಿದವನಿಗೂ ಅಷ್ಟೇ.

ತಿರುಗಿ ಬಂದ ದಿನ ಮಾಮ ಕುಂಟುತ್ತ ಬರುತ್ತಿದ್ದ. ಅವನ ಹೆಂಡತಿ ನಾಗಮ್ಮತ್ತಿ ಅಂಗಳದಲ್ಲಿ ಕಾಲು ಚಾಚಿಸಿ ಕೂಡಿಸಿ, ಬಿಸಿನೀರು ಸುರಿದು, ಎಣ್ಣೆ ತಿಕ್ಕುವಾಗ ಅವನು "ಹಾ ಮಲ್ಲಯ್ಯಾ" ಎಂದು ನರಳುವುದನ್ನು ಕೇಳಬೇಕಿತ್ತು. ನೋವಿನ ನರಳಿಕೆಯೇ ಹೌದು, ಆದರೆ ಅದರಲ್ಲಿ ಜಂಬವೂ ಬೆರೆತಿರುತ್ತಿತ್ತು. "ಕಾಲ ನೋಯ್ಲಿಲ್ಲಂದ್ರ ಅದೇನ ನಡದಂಗಾತು? ನೋವ ಅವನ ಪಾಲು, ಕೊಟ್ಟ ಬರಬೇಕು" ಎನ್ನುತ್ತಿದ್ದ.

ಒಂದು ವರ್ಷ ಮಾಮ ಕುಂಟದೆ ಬಂದ.

ಆ ಸಲ ನಾನಿರಲಿಲ್ಲ, ಅವ್ವ ಹೇಳಿದ್ದು. ಅತ್ತಿ ನೀರು ಸುರಿದರೆ ನರಳಲಿಲ್ಲವಂತೆ. ಅಂಗಾಲ ತುಂಬ ಗುಳ್ಳೆ, ಆದರೂ ನಗುತ್ತ ಕೂತಿದ್ದನಂತೆ. "ಈ ಸಲ ಹತ್ತಿ ಮ್ಯಾಲ ನಡದಂಗಾತು ನೋಡ್ರಿ. ಕಲ್ಲಿಲ್ಲ, ಮುಳ್ಳಿಲ್ಲ, ಅಂಗಾಲಿಗಿ ಏನೂ ಹತ್ತಲಿಲ್ಲ. ಮಲ್ಲಯ್ಯ ಎತ್ತಿಗೊಂಡು ಹೋದ" ಎಂದನಂತೆ. ಮಾತು ಓಣಿಯಿಂದ ಓಣಿಗೆ ಹರಿಯಿತು. ಇಷ್ಟು ವರ್ಷ ನೋವನ್ನು ಒಪ್ಪಿಸಿದವನಿಗೆ ದೇವರು ಕಡೆಗೂ ನೋವಿನಿಂದ ಬಿಡುಗಡೆ ಕೊಟ್ಟ ಎಂದು ಜನ ಬಂದು ಆ ಪಾದ ಮುಟ್ಟಿ ನಮಸ್ಕಾರ ಮಾಡಿದರು. ಚಹಾ ತರಲು ಕಳಿಸುತ್ತಿದ್ದ ಮಾಸ್ತರರೂ ಮುಟ್ಟಿದರು. ಜೀವಮಾನವಿಡೀ ಗಂಟೆ ಬಾರಿಸಿದವನಿಗೆ ಅದು ಎಂಥ ಸುಖ ಕೊಟ್ಟಿರಬೇಕು ಎಂದು ನಾನು ಊಹಿಸಬಲ್ಲೆ. ಆದರೆ ಫೋನಿನಲ್ಲಿ ಅವ್ವ "ಹತ್ತಿ ಮ್ಯಾಲ ನಡದಂಗ" ಎಂದಾಗ ನನಗೆ ಕೇಳಿಸಿದ್ದು ಆ ಡ್ರೈವರನ ದನಿ. ಇದೆಯೋ ಇಲ್ಲವೋ ಅಂತಲೇ ಗೊತ್ತಾಗ್ತಿಲ್ಲ.

ಮರುವರ್ಷ ಶಿವರಾತ್ರಿಗೆ ರಜೆ ಹಾಕಿ ಬಂದೆ, ಬಂದೂಕು ಜೊತೆಗೇ ಇತ್ತು. ಮಾಮ ಕಟ್ಟೆಯ ಮೇಲೆ ಕೂತಿದ್ದ, ಅವನೊಂದಿಗೆ ನಡೆಯಲಿದ್ದ ಇಬ್ಬರೂ ಇದ್ದರು. "ಮಾಮಾ, ಜರಾ ಕಾಲ ತೋರ್ಸು" ಎಂದೆ. ನಗುತ್ತ ಎರಡೂ ಕಾಲು ಚಾಚಿದ. ಬಂದೂಕು ಹಿಡಿದರೆ ಎಡಗಾಲಿನ ಬಿಸಿ ಎಲ್ಲ ಕಡೆ ಒಂದೇ ಸಮ ಇತ್ತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಚುಕ್ಕಿ ಇಟ್ಟಾಗ ಪರದೆಯ ಅಂಕಿ ಏರಿತು. ತೆಗೆದು ಮತ್ತೆ ಇಟ್ಟೆ, ಮತ್ತೆ ಏರಿತು. ಅಲ್ಲಿ ಚರ್ಮ ದಪ್ಪಗಟ್ಟಿತ್ತು, ನೋಡಲು ಏನೂ ಇರಲಿಲ್ಲ. ಮೂಲೆಯಲ್ಲಿದ್ದ ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಂಡು, "ಕಣ್ಣ ಮುಚ್ಚು, ಎಲ್ಲಿ ಮುಟ್ಟತೀನಿ ಹೇಳು" ಎಂದೆ.

ಮಾಮ ಕಣ್ಣು ಮುಚ್ಚಿದ. ನಾನು ಕಡ್ಡಿಯನ್ನು ಬಾಗುವವರೆಗೂ ಒತ್ತಿದೆ.

"ಮುಟ್ಟವ್ವಾ, ಯಾಕ ಸುಮ್ಮ ಕುಂತಿ?" ಎಂದ.

ಬಾಗಿಲಲ್ಲಿ ನಿಂತಿದ್ದ ಅತ್ತಿ ಇದನ್ನು ಕಂಡಳು. ಅವಳ ಮುಖ ಸಣ್ಣದಾಯಿತು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಇದು ಸಕ್ಕರೆ ಕಾಯಿಲೆ, ಕಾಲಿನ ನರ ಸತ್ತಿವೆ, ನೋವಿಲ್ಲವೆಂದರೆ ಗಾಯವಿಲ್ಲ ಅಂತಲ್ಲ, ಒಳಗೆ ಕುದಿಯುತ್ತಿದೆ, ನಡೆಯಬೇಡ. ಮಾಮ ಕಣ್ಣು ತೆರೆದು ತಣ್ಣಗೆ ಕೇಳಿದ: "ಪರ್ವತದ ದೇವ್ರು ದೊಡ್ಡಾಂವೋ, ನಿನ್ನ ಬಂದೂಕ ದೊಡ್ಡದೋ?" ಜೊತೆಯವರು ನಕ್ಕರು. ನನಗೆ ಸಿಟ್ಟು ಬಂತು, ಅಳುವೂ ಬಂತು.

ಅತ್ತಿಯ ಕಾಟಕ್ಕೆ ಪೇಟೆಯ ದವಾಖಾನೆಗೆ ಬಂದ. ಡಾಕ್ಟರೂ ನಾನು ಹೇಳಿದ್ದನ್ನೇ ಹೇಳಿ, ಮಾತ್ರೆ ಬರೆದುಕೊಟ್ಟರು. ನಡೆಯುವುದನ್ನು ಬಿಡುವುದಿಲ್ಲ ಎಂದು ಮಾಮ ಅಲ್ಲೇ ಹೇಳಿದ. ಕಡೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬೂಟು ಹಾಕಿಕೊಂಡು ನಡೆಯುವುದಕ್ಕೆ ಅವನನ್ನು ಒಪ್ಪಿಸಿದೆವು. ಟೈರಿನ ಎಂಜಿನಿಯರು ಬೂಟಿನ ಎಂಜಿನಿಯರಾದೆ. ಅಳತೆಗಿಂತ ದೊಡ್ಡ ಬಟ್ಟೆಬೂಟು ಕೊಂಡು, ನಮ್ಮ ಕಾರ್ಖಾನೆಯಲ್ಲಿ ಮೆತ್ತನೆಯ ರಬ್ಬರಿನ ಹಾಳೆ ಕತ್ತರಿಸಿ ಒಳಗೆ ಕೂಡಿಸಿದೆ. ಹೆಬ್ಬೆರಳ ಬುಡ ಬರುವಲ್ಲಿ ಒಂದು ತಗ್ಗು ಕೊರೆದೆ, ಭಾರ ಅಲ್ಲಿ ಬೀಳದೆ ಸುತ್ತ ಹಂಚಿಹೋಗಲಿ ಎಂದು. ಎಷ್ಟೋ ಕಾರುಗಳಿಗೆ ಟೈರು ಕೊಟ್ಟಿದ್ದೇನೆ. ಅಷ್ಟು ಮುತುವರ್ಜಿಯಿಂದ ಇನ್ನೇನನ್ನೂ ಮಾಡಿಲ್ಲ.

ಬೂಟು ಪರ್ವತಕ್ಕೆ ಹೋಗಿ ಬಂದವು, ಗಂಟಿನೊಳಗೆ, ಮಾಮನ ತಲೆಯ ಮೇಲೆ. ಊರ ಅಗಸಿ ಬಾಗಿಲು ದಾಟುತ್ತಲೇ ಬಿಚ್ಚಿದನಂತೆ. ಅಕ್ಕನ ಮಗಳು ಮಾಡಿಕೊಟ್ಟದ್ದು ಬಿಸಾಕಬಾರದು, ಮಲ್ಲಯ್ಯನ ದಾರಿಯಲ್ಲಿ ಮೆಟ್ಟಬಾರದು. ಇದಕ್ಕೆ ಅವನಿಗೆ ತೋಚಿದ ನ್ಯಾಯ ಇದು. ಆಮೇಲೆ ಆ ಬೂಟನ್ನು ತಿರುಗಿಸಿ ಅಡಿ ನೋಡಿದೆ. ಸವೆದ ರಬ್ಬರನ್ನು ಓದುವುದು ನನ್ನ ಕಸುಬು, ಆದರೆ ಅಲ್ಲಿ ಓದಲು ಒಂದು ಗೀರೂ ಇರಲಿಲ್ಲ.

ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಚುಕ್ಕಿ ಬಿದ್ದಿದ್ದ ಅದೇ ಜಾಗದಲ್ಲಿ, ಇಡೀ ಜಾಲಿಮುಳ್ಳು ಮುರಿದು ಕೂತಿತ್ತು. ಅದರ ಮೇಲೇ ನಡೆದಿದ್ದ, ಎಲ್ಲಿಂದ ಎಲ್ಲಿಯವರೆಗೋ ಯಾರು ಬಲ್ಲರು. ಅವನಿಗೆ ಅದು ಗೊತ್ತಾಗಿದ್ದು ನೋವಿನಿಂದಲ್ಲ, ವಾಸನೆಯಿಂದ. ಕಲಬುರಗಿಯ ದವಾಖಾನೆಯಲ್ಲಿ ಕಾಲನ್ನು ಮೊಣಕಾಲ ಕೆಳಗೆ ಕಡಿದು ತೆಗೆದರು. ಮುಟ್ಟಿ ನಮಸ್ಕಾರ ಮಾಡಿದ್ದ ಜನ ಈಗ ಏನೋ ತಪ್ಪು ನಡೆದಿರಬೇಕು, ದೇವರು ಮುನಿದ ಎಂದರು. ಮಾಮ ಅದನ್ನು ಕೇಳಿಸಿಕೊಂಡ. ದೇವರು ಮುನಿದ ಎಂದು ಒಪ್ಪುವುದಕ್ಕಿಂತ ಸೋದರಸೊಸೆಯ ಬಂದೂಕಿನ ದೃಷ್ಟಿ ತಾಗಿತು ಎನ್ನುವುದು ಅವನಿಗೆ ಹಗುರವಾಗಿ ಕಂಡಿರಬೇಕು. ನಾನು ಹಣ್ಣು ಹಿಡಿದು ದವಾಖಾನೆಗೆ ಹೋದರೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಸಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಬಿರುಕುಬಿಟ್ಟ ಹಿಮ್ಮಡಿಯ ನೆನಪಾಗಿ ಕೆಲಸದ ನಡುವೆ ಕಣ್ಣು ತುಂಬಿಕೊಳ್ಳುತ್ತಿತ್ತು.

ಸುರಪುರ ಬಂತು. ಬಂಡೆಗಳು ಬೆಳಗಿನಿಂದ ಕುಡಿದ ಬಿಸಿಲನ್ನು ಈಗ ಮೈಮೇಲೆ ಉಗುಳುತ್ತಿವೆ. ಮೇ ತಿಂಗಳ ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಇಲ್ಲ.

ಅತ್ತಿ ಬಾಗಿಲು ತೆಗೆದಳು. "ಬಾರವ್ವಾ, ಮೊದ್ಲ ನೀರ ಕುಡಿ. ಅವನ ಮಾತು ಆಮ್ಯಾಲ ಕೇಳೀಯಂತ." ನಾನು ನೀರು ಕುಡಿದು ಒಳಗೆ ಹೋದೆ. ಪತ್ರಾಸಿನ ತಗಡು ಹೊದಿಸಿದ ಕೋಣೆಯಲ್ಲಿ ಮಾಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಬಹಳ ಇಳಿದುಹೋಗಿದ್ದ. ಎಡಗಾಲು ಚಾಚಿತ್ತು. ಅದರ ಪಕ್ಕ, ಬಲಗಾಲು ಇರಬೇಕಾದಲ್ಲಿ, ಕೌದಿ ಚಪ್ಪಟೆಯಾಗಿ ಬಿದ್ದಿತ್ತು.

"ತಂದೀಯೇನು?" ಎಂದ. ಹೇಗಿದ್ದೀ ಇಲ್ಲ, ಯಾವಾಗ ಬಂದಿ ಇಲ್ಲ.

"ತಂದೀನಿ."

"ಕಾಲ ನೋಯ್ತದವ್ವಾ."

"ಎಡಗಾಲೇನು ಮಾಮಾ?"

"ಅಲ್ಲ. ಹೋದದ್ದು."

ಅತ್ತಿ ನನ್ನ ಕಡೆ ನೋಡಿದಳು. ಮಾಮ ಮುಂದುವರಿಸಿದ: "ಕಲಬುರಗಿಂದ ಬಂದಾಗಿಂದ ಹಿಂಗೇ ಅದ. ಹೆಬ್ಬಟ್ಟಿನ ಬುಡಕ ಕೆಂಡ ಇಟ್ಟಂಗ. ಮುಳ್ಳ ನಟ್ಟಿದ್ದು ಈಗ ಗೊತ್ತಾಗ್ಲಿಕತ್ತದ. ಇದ್ದಾಗ ಬಾಯಿ ಬಿಡ್ಲಿಲ್ಲ ಹಾಳಾದ್ದು, ಹೋದ ಮ್ಯಾಲ ಒದರ್ಲಿಕತ್ತದ."

"ಇಲ್ಲದ ಕಾಲ ಹ್ಯಾಂಗ ನೋಯ್ತದ ಅಂದ್ರ ಸಿಟ್ಟಿಗೇಳ್ತಾನ" ಎಂದಳು ಅತ್ತಿ ಮೆಲ್ಲಗೆ. "ಮಂದಿ ಮುಂದ ಹೇಳಬ್ಯಾಡ ಅಂದೀನಿ, ನಗ್ತಾರ."

"ಯಾರೂ ನಂಬಾಂಗಿಲ್ಲ. ನೀ ಹಿಡಿ ಅದನ್ನ. ಅವತ್ತ ಖರೆ ಹೇಳಿದ್ದು ಅದೊಂದೇ" ಎಂದ ಮಾಮ.

ಕಡಿದ ಕಾಲು ನೋಯುವುದುಂಟು. ಕಾಲು ಹೋದರೂ ಅದರ ಲೆಕ್ಕ ಮಿದುಳಿನಲ್ಲಿ ಉಳಿದಿರುತ್ತದೆ ಎಂದು ಡಾಕ್ಟರುಗಳು ಹೇಳುತ್ತಾರೆ. ಆದರೆ ಅವನು ಕೇಳಿದ್ದು ವಿವರಣೆಯನ್ನಲ್ಲ. ಬಂದೂಕು ತೆಗೆದು, ಅವನು ಬೆರಳು ತೋರಿಸಿದ ಜಾಗಕ್ಕೆ ಹಿಡಿದೆ. ಖಾಲಿ ಕೌದಿಯ ಮೇಲೆ, ಅವನ ಹಳೆಯ ಖಾಕಿ ಅಂಗಿಯ ತೇಪೆಯ ಮೇಲೆ, ಕೆಂಪು ಚುಕ್ಕಿ ಕೂತಿತು.

"ಎಷ್ಟದ?"

"ಬಿಸಿ ಅದ ಮಾಮಾ."

"ಎಡಗಾಲಿಗಿಂತ?"

ಚುಕ್ಕಿಯನ್ನು ಎಡಗಾಲಿಗೆ ಸರಿಸಿ, ಮತ್ತೆ ಕೌದಿಗೆ ತಂದೆ. "ಎಡಗಾಲಿಗಿಂತ ಬಿಸಿ ಅದ."

ಸುಳ್ಳಲ್ಲ. ಆ ಪತ್ರಾಸಿನ ಕೆಳಗೆ ಆ ಹೊತ್ತಿನಲ್ಲಿ ಗೋಡೆ, ಮಂಚ, ಕೌದಿ ಎಲ್ಲವೂ ಜೀವ ಇರುವ ಮೈಗಿಂತ ಬಿಸಿಯಾಗಿದ್ದವು.

"ಕೇಳ್ದೇನು?" ಎಂದು ಮಾಮ ಅತ್ತಿಯನ್ನು ಕೇಳಿದ. ಜಗಳದ ದನಿಯಲ್ಲ, ದಣಿದವನ ದನಿ. ಅತ್ತಿ ಕೊಡದ ನೀರಿನಲ್ಲಿ ತನ್ನ ಹಳೆಯ ಸೀರೆಯ ತುಂಡು ಅದ್ದಿ, ಹಿಂಡಿ, ಆ ಖಾಲಿ ಜಾಗದ ಮೇಲೆ ಹಾಸಿದಳು. "ಹಾ ಮಲ್ಲಯ್ಯಾ" ಎಂದ ಮಾಮ. ಎಷ್ಟೋ ವರ್ಷದ ಹಿಂದೆ ಅಂಗಳದಲ್ಲಿ ಕೇಳುತ್ತಿದ್ದ ಅದೇ ನರಳಿಕೆ.

ನಾನು ಮಂಚದ ಕೆಳಗಿನ ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಂಡೆ. ಮಾಮ ಅದನ್ನು ನೋಡಿದ. ತಾನಾಗಿಯೇ ಕಣ್ಣು ಮುಚ್ಚಿದ. ಎಡಗಾಲಿನ ಹೆಬ್ಬೆರಳ ಬುಡಕ್ಕೆ ಕಡ್ಡಿ ಇಟ್ಟು ಒತ್ತಿದೆ. ಕಡ್ಡಿ ಬಾಗಿತು. ಅವನು ಕಣ್ಣು ಮುಚ್ಚಿ ಕಾಯುತ್ತಲೇ ಇದ್ದ. ಇನ್ನಷ್ಟು ಒತ್ತಿದೆ, ಮುರಿಯಿತು. ಮುರಿದ ಸದ್ದಿಗೆ ಅವನು ಕಣ್ಣು ತೆರೆದು, ನನ್ನ ಕೈಯಲ್ಲಿದ್ದ ತುಂಡನ್ನೂ ಕಾಲ ಹತ್ತಿರ ಬಿದ್ದಿದ್ದ ತುಂಡನ್ನೂ ನೋಡಿದ.

ಅತ್ತಿ ಗೋಡೆಯ ದೇವರ ಮಾಡದ ಹತ್ತಿರ ಹೋಗಿ, ಅರಿವೆಯಲ್ಲಿ ಸುತ್ತಿಟ್ಟಿದ್ದ ಬೂಟುಗಳಲ್ಲಿ ಎಡಗಾಲಿನದನ್ನು ಮಾತ್ರ ತಂದಳು. ಅದಕ್ಕೆ ವಿಭೂತಿ ಹಚ್ಚಿದ ಗುರುತಿತ್ತು. ನಾನು ನೆಲದ ಮೇಲೆ ಕೂತು, ಮಾಮನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಮರಳು ಕಲ್ಲು ಏನಾದರೂ ಇದೆಯೇ ಎಂದು ಬೂಟಿನೊಳಗೆ ಕೈಯಾಡಿಸಿ, ತೊಡಿಸಿ, ದಾರ ಎಳೆದೆ.

"ಬಿಗಿ ಆತೇನು ಮಾಮಾ?"

"ನನಗೇನ ತಿಳೀತದವ್ವಾ" ಎಂದ ಮಾಮ. "ನೀನೇ ಬೆರಳ ಹಾಕಿ ನೋಡು."